ಮಗಳಿಗೆ ಪಾಟಲಾ ಅಂತ ಹೆಸರಿಟ್ಟಿದ್ದು

ಮಗಳ ಹೆಸರು ಹೇಳಿದ ತಕ್ಷಣ ಎದುರಿಗಿರೋರು ಒಂದು ಸೆಕೆಂಡ್ ಸುಮ್ಮನಾಗ್ತಾರೆ, ಆಮೇಲೆ "ಏನಂದ್ರಿ, ಇನ್ನೊಂದ್ಸಲ ಹೇಳಿ" ಅಂತಾರೆ. ಪಾಟಲಾ. ಪಾ, ಟ, ಲಾ. ಟೋಪಿಯ ಟ, ತಾಳದ ತ ಅಲ್ಲ. ಈ ಎರಡೂಮುಕ್ಕಾಲು ವರ್ಷದಲ್ಲಿ ಎಷ್ಟು ಸಲ ಬಿಡಿಸಿ ಹೇಳಿದ್ದೀನೋ ಲೆಕ್ಕ ಇಲ್ಲ. ಮೊನ್ನೆ ಒಬ್ಳು ಫ್ರೆಂಡ್, ಏಳು ತಿಂಗಳ ಬಸುರಿ, ಫೋನ್ ಮಾಡಿ "ನಂಗೂ ಬಣ್ಣದ ಹೆಸರು ಇಡ್ಬೇಕು ಅಂತ ಆಸೆ ಕಣೇ, ನೀನು ಹೆಂಗೆ ಹುಡುಕ್ದೆ, ಮನೇಲಿ ಹೆಂಗೆ ಒಪ್ಪಿಸ್ದೆ" ಅಂತ ಕೇಳಿದ್ಲು, ಆಗ ಮಗು ಅಳ್ತಿತ್ತು ಅಂತ ಅರ್ಧಂಬರ್ಧ ಹೇಳಿ ಇಟ್ಬಿಟ್ಟೆ. ಅದನ್ನೇ ಈಗ ಪೂರ್ತಿಯಾಗಿ ಬರೆದಿಡೋಣ ಅಂತ ಕೂತಿದ್ದೀನಿ.

ಶುರುವಾಗಿದ್ದು ಅತ್ತೆಯಿಂದ. ಐದನೇ ತಿಂಗಳಲ್ಲಿ ಡಾಕ್ಟರ್ ಜಾಸ್ತಿ ಓಡಾಡ್ಬೇಡಿ ಅಂದ್ರು ಅಂತ ಅತ್ತೆ ನಮ್ ಜೊತೆ ಇರೋಕೆ ಬಂದ್ರು. ಅವ್ರು ಬೆಳಿಗ್ಗೆ ದೇವರ ಮುಂದೆ ಕೂತು ದುರ್ಗೆಯ ನೂರೆಂಟು ಹೆಸರಿನ ಸ್ತೋತ್ರ ಹೇಳ್ಕೊಳ್ತಾರೆ, ಪುಸ್ತಕ ಬೇಕಿಲ್ಲ, ಬಾಯಿಪಾಠ. ನಾನು ಪಕ್ಕದ ರೂಮಲ್ಲಿ ಎಡಮಗ್ಗುಲಿಗೆ ಮಲ್ಕೊಂಡಿರ್ತಿದ್ದೆ, ಗಮನ ಕೊಟ್ಟು ಕೇಳ್ತಿದ್ದೆ ಅಂತ ಅಲ್ಲ, ಸುಮ್ನೆ ಕಿವಿಗೆ ಬೀಳ್ತಿತ್ತು, ಎಷ್ಟೋ ದಿನ ಹಾಗೇ ಬಿದ್ದು ಹೋಗಿತ್ತು, ಒಂದಿನ ಮಾತ್ರ ಒಂದು ಸಾಲು ಅಲ್ಲೇ ತಡೆದು ನಿಲ್ಲಿಸ್ತು. "ಅಪರ್ಣಾನೇಕವರ್ಣಾ ಚ ಪಾಟಲಾ ಪಾಟಲಾವತೀ". ಅಪರ್ಣಾ ಗೊತ್ತು, ನಮ್ಮ ನಾದಿನಿ ಹೆಸರೇ ಅದು, ಒಣಗಿ ಬಿದ್ದ ಎಲೆ ತಿನ್ನೋದನ್ನೂ ಬಿಟ್ಟು ತಪಸ್ಸು ಮಾಡಿದ ಪಾರ್ವತಿ. ಅನೇಕವರ್ಣಾ ಅಂದ್ರೆ ಹಲವು ಬಣ್ಣದವಳು, ಅದೂ ಅರ್ಥ ಆಯ್ತು. ಪಾಟಲಾ ಅಂದ್ರೆ?

ಪೂಜೆ ಮುಗಿಸ್ಕೊಂಡು ಬಂದಾಗ ಕೇಳಿದೆ. "ಅದೊಂದು ಹೂವು ಕಣಮ್ಮ, ಬಣ್ಣಾನೂ ಇರ್ಬೇಕು" ಅಂದ್ರು. ಅಷ್ಟೇ ಹೇಳಿ ಒಳಗೆ ಹೋದ್ರು, ನಂಗೆ ಮಾತ್ರ ಆ ಮೂರಕ್ಷರ ಇಡೀ ದಿನ ಬಾಯಲ್ಲೇ ಇತ್ತು.

ಅಲ್ಲಿವರೆಗೂ ನಾವು ಮಾಡ್ತಿದ್ದಿದ್ದು ಎಲ್ರೂ ಮಾಡೋದೇ. ಫೋನಲ್ಲಿ ಹೆಸರಿನ ಆ್ಯಪ್ ಹಾಕ್ಕೊಂಡು, ಹೆಣ್ಣಿಗೊಂದು ಲಿಸ್ಟ್, ಗಂಡಿಗೊಂದು ಲಿಸ್ಟ್, ನಮ್ಮಲ್ಲಂತೂ ಯಾವ ಮಗು ಅಂತ ಮೊದಲೇ ತಿಳ್ಕೊಳ್ಳೋ ಹಾಗಿಲ್ಲ, ಅದಕ್ಕೆ ಎರಡೂ ರೆಡಿ ಇಟ್ಕೋಬೇಕು. ಆ ಆ್ಯಪ್‌ಗಳ ಬಗ್ಗೆ ಒಂದು ಮಾತು ಹೇಳ್ತೀನಿ, ಅದರಲ್ಲಿ ಬರೆದಿರೋ ಅರ್ಥ ನಂಬಿ ಹೆಸರು ಇಡ್ಬೇಡಿ. ಒಂದೇ ಹೆಸರಿಗೆ ಒಂದು ಕಡೆ ದೇವತೆ, ಇನ್ನೊಂದು ಕಡೆ ಚಂದ್ರ, ಮತ್ತೊಂದು ಕಡೆ ವಿಶಿಷ್ಟ ಅಂತ ಇರುತ್ತೆ, ಯಾವ ಭಾಷೆಯ ಪದ, ಯಾವ ಧಾತು, ಎಲ್ಲಿ ಬಳಸಿದ್ದಾರೆ ಅಂತ ಒಂದಕ್ಷರ ಇರಲ್ಲ. ಮಗು ಜೀವನ ಪೂರ್ತಿ ಹೊತ್ಕೊಂಡು ತಿರುಗೋ ಪದ ಅದು, ಒಂದು ನಿಘಂಟನ್ನಾದ್ರೂ ತೆಗೆದು ನೋಡೋಣ ಅಂತ ನಂಗನ್ನಿಸ್ತು.

ನೋಡಿದೆ. ಅಮರಕೋಶದ ಮೊದಲನೇ ಕಾಂಡದಲ್ಲಿ ಬಣ್ಣಗಳಿಗೇ ಅಂತ ಸಾಲುಗಳಿವೆ. ಬಿಳುಪಿಗೇ ಹತ್ತು ಹದಿನೈದು ಪದ, ಶುಕ್ಲ, ಶುಭ್ರ, ಶ್ವೇತ, ಧವಲ ಅಂತ ಹೋಗಿ ಕೊನೆಗೆ ಅರ್ಜುನ ಅಂತ ಬರುತ್ತೆ, ಅರ್ಜುನ ಅಂದ್ರೆ ಬಿಳುಪು ಅಂತ ನಂಗೆ ಅವತ್ತಿನವರೆಗೂ ಗೊತ್ತಿರಲಿಲ್ಲ. ಪಾಂಡು ಅಂದ್ರೆ ಮಾಸಲು ಬಿಳುಪು. ಕಪಿಲ, ಪಿಂಗಳ ಅಂದ್ರೆ ಹಳದಿ ಕಂದು ಸೇರಿದ ಹಾಗಿರೋ ಬಣ್ಣ. ರೋಹಿತ ಅಂದ್ರೆ ಕೆಂಪು. ಆಮೇಲೆ ಬಂತು ನಾನು ಹುಡುಕ್ತಿದ್ದ ಸಾಲು, "ಅವ್ಯಕ್ತರಾಗಸ್ತ್ವರುಣಃ ಶ್ವೇತರಕ್ತಸ್ತು ಪಾಟಲಃ". ಇನ್ನೂ ಪೂರ್ತಿ ಕಾಣಿಸ್ಕೊಳ್ಳದ ಕೆಂಪು ಅರುಣ, ಬಿಳುಪು ಬೆರೆತ ಕೆಂಪು ಪಾಟಲ. ಎರಡು ಬಣ್ಣಕ್ಕೂ ನಡುವೆ ಇರೋ ವ್ಯತ್ಯಾಸ ಎಷ್ಟು ಸಣ್ಣದು, ಅದನ್ನ ಯಾರೋ ಕೂತು ನೋಡಿ, ಇದು ಬೇರೆ ಅದು ಬೇರೆ ಅಂತ ಬೇರೆ ಬೇರೆ ಪದ ಕೊಟ್ಟಿದ್ದಾರಲ್ಲ ಅಂತ ಮೈ ಜುಮ್ ಅಂತು.

ನಂಗೆ ಇನ್ನೊಂದು ಹೊಳೆದಿದ್ದು ಆಮೇಲೆ. ಸ್ತೋತ್ರದಲ್ಲಿ ಪಾಟಲಾ ಇರೋ ಸಾಲಲ್ಲೇ ಅಪರ್ಣಾ ಇದೆ, ಕೋಶದಲ್ಲಿ ಪಾಟಲ ಇರೋ ಸಾಲಲ್ಲೇ ಅರುಣ ಇದೆ. ಅಪರ್ಣಾ ಮನೆಮನೆಗೂ ಹೋದ್ಲು, ಅರುಣ ಅಂತೂ ಪ್ರತಿ ಕ್ಲಾಸಲ್ಲೂ ಇಬ್ಬರು ಮೂವರು. ಪಕ್ಕದಲ್ಲೇ ಕೂತಿದ್ದ ಪಾಟಲಾನ ಮಾತ್ರ ಯಾರೂ ಕರೀಲೇ ಇಲ್ಲ. ಯಾಕೆ ಅಂತ ಆಮೇಲೆ ಗೊತ್ತಾಯ್ತು, ಹೇಳ್ತೀನಿ.

ಬರೀ ಬಿಳಿಗೆಂಪು ಅಂದ್ರೆ ಕಣ್ಣಿಗೆ ಕಟ್ಟಲ್ವಲ್ಲ, ಯಾವ ತರದ ಬಿಳಿಗೆಂಪು? ಅದಕ್ಕೆ ಉತ್ತರ ಸಿಕ್ಕಿದ್ದು ಕಾಳಿದಾಸನ ರಘುವಂಶದ ಮೊದಲನೇ ಸರ್ಗದಲ್ಲಿ. ವಸಿಷ್ಠರ ಆಶ್ರಮದ ಹಸು ನಂದಿನಿ ಕಾಡಿಂದ ವಾಪಸ್ ಬರುತ್ತೆ. ಅದರ ಮೈ ಚಿಗುರೆಲೆ ತರ ನುಣುಪಾದ ಪಾಟಲ ಬಣ್ಣ, ಹಣೆ ಮೇಲೆ ಸ್ವಲ್ಪ ಬಾಗಿದ ಬಿಳಿ ಕೂದಲಿನ ಗುರುತು, ನೋಡಿದ್ರೆ ಸಂಧ್ಯೆ ಎಳೇ ಚಂದ್ರನ್ನ ಇಟ್ಕೊಂಡ ಹಾಗಿದೆ ಅಂತ ಕವಿ ಹೇಳ್ತಾನೆ. ಓದಿ ಮುಗಿಸಿ ಪುಸ್ತಕ ಮಡಚಿಟ್ಟು ಬಾಲ್ಕನಿಗೆ ಹೋದೆ. ಚಿಗುರಿನ ಬಣ್ಣ ಅಂದ್ರೆ ಗೊತ್ತಲ್ಲ, ಎಲೆ ಹಸಿರಾಗೋಕೆ ಮುಂಚೆ ಮೂರ್ನಾಲ್ಕು ದಿನ ಮಾತ್ರ ಇರುತ್ತಲ್ಲ ಆ ಕೆಂಪು, ಬೆಳಕು ಅದರೊಳಗಿಂದ ಹಾದು ಬರೋ ಹಾಗೆ. ಗುಲಾಬಿ ಬಣ್ಣ ಅಂತ ಒಂದೇ ಮಾತಲ್ಲಿ ಹೇಳಿಬಿಟ್ರೆ ಅದು ಸಿಗಲ್ಲ. ಅವತ್ತು ಇವ್ರು ಆಫೀಸಿಂದ ಬಂದ ತಕ್ಷಣ ಹೇಳಿದೆ, ಹೆಣ್ಣಾದ್ರೆ ಪಾಟಲಾ. ಗಂಡಾದ್ರೆ ಅಸಿತ ಅಂತ ಇವ್ರದ್ದು, ಅದೂ ಬಣ್ಣಾನೇ, ಕಪ್ಪು.

ಹೂವಿನ ಕಥೆನೂ ಹುಡುಕಿದೆ. ಪಾಟಲ ಅಥವಾ ಪಾಟಲಿ ಅಂದ್ರೆ ನಮ್ಮ ಪಾದರಿ ಮರ, ಕಹಳೆ ಆಕಾರದ ಘಮಘಮ ಹೂವು ಬಿಡುತ್ತೆ, ಆಯುರ್ವೇದದ ದಶಮೂಲದ ಹತ್ತು ಬೇರುಗಳಲ್ಲಿ ಇದರದ್ದೂ ಒಂದು. ಈಗಿನ ಪಾಟ್ನಾ ಹಿಂದೆ ಪಾಟಲಿಪುತ್ರ ಆಗಿತ್ತಲ್ಲ, ಆ ಹೆಸರಲ್ಲೂ ಇದೇ ಪಾಟಲಿ ಇದೆ. ಮೌರ್ಯರ ರಾಜಧಾನಿ ಅಂತ ಸ್ಕೂಲಲ್ಲಿ ಉರು ಹೊಡೆದಿದ್ವಿ, ಅದರೊಳಗೊಂದು ಹೂವಿದೆ ಅಂತ ಯಾರೂ ಹೇಳಿರಲಿಲ್ಲ.

ಇನ್ನು ಎಷ್ಟು ಜನ ಇಟ್ಕೊಂಡಿದ್ದಾರೆ ಅನ್ನೋ ಪ್ರಶ್ನೆ. ಅಮೆರಿಕದಲ್ಲಿ ಸೋಷಿಯಲ್ ಸೆಕ್ಯೂರಿಟಿ ಅನ್ನೋ ಸರ್ಕಾರಿ ಸಂಸ್ಥೆಯವರು ಪ್ರತಿ ವರ್ಷ ಮಕ್ಕಳ ಹೆಸರಿನ ಲೆಕ್ಕ ಹೊರಗೆ ಬಿಡ್ತಾರೆ, 1880ರಿಂದ ಹಿಡಿದು ಇದೆ, ಒಂದು ವರ್ಷದಲ್ಲಿ ಕನಿಷ್ಠ 5 ಮಕ್ಕಳಿಗೆ ಇಟ್ಟಿದ್ರೆ ಆ ಹೆಸರು ಅದರಲ್ಲಿ ಬರುತ್ತೆ. ರಾತ್ರಿ ನಿದ್ದೆ ಬರದಿದ್ದಾಗ ಅದನ್ನೇ ನೋಡ್ತಾ ಕೂರ್ತಿದ್ದೆ. ವಯಲೆಟ್, ಹೇಜಲ್ ಅನ್ನೋ ಬಣ್ಣದ ಹೆಸರುಗಳು 1900ರ ಆಸುಪಾಸಿನಲ್ಲಿ ಚೆನ್ನಾಗಿ ಓಡಾಡ್ತಿದ್ವು, ಮಧ್ಯೆ ಅಜ್ಜಿ ಕಾಲದ ಹೆಸರು ಅನ್ನಿಸ್ಕೊಂಡು ತಳಕ್ಕೆ ಬಿದ್ವು, 2000 ದಾಟಿದ್ಮೇಲೆ ಮತ್ತೆ ಮೇಲಕ್ಕೆ ಬಂದಿವೆ, ಈಗ ಸ್ಕಾರ್ಲೆಟ್ ಜೊತೆ ಮೊದಲ ಸಾಲಲ್ಲೇ ಇವೆ. ಅಂದ್ರೆ ಹೆಸರು ಒಂದು ಸಲ ಬಳಕೆ ತಪ್ಪಿದ್ರೆ ಮುಗೀತು ಅಂತ ಅಲ್ಲ, ಯಾರಾದ್ರೂ ಮತ್ತೆ ಕರೆದ್ರೆ ಎದ್ದು ಬರುತ್ತೆ. ನಮ್ಮಲ್ಲಿ ಅಂಥ ಲೆಕ್ಕ ಎಲ್ಲಿ ಸಿಗ್ಬೇಕು, ಅದಕ್ಕೆ ಟೀಚರ್ ಆಗಿರೋ ನಮ್ಮಕ್ಕನ್ನ ಕೇಳಿದೆ. ಹದಿನಾಲ್ಕು ವರ್ಷದ ಸರ್ವಿಸಲ್ಲಿ ಅಟೆಂಡೆನ್ಸ್ ಕರೆಯುವಾಗ ಒಂದೇ ಒಂದು ಪಾಟಲಾ ಸಿಕ್ಕಿಲ್ಲ ಅಂದ್ಲು. ಫೇಸ್‌ಬುಕ್ಕಲ್ಲಿ ಹುಡುಕಿದ್ರೆ ಬರೀ ಪಾಟೀಲರೇ ಬಂದ್ರು.

ಆದ್ರೆ ಬಣ್ಣದ ಹೆಸರು ನಮಗೆ ಹೊಸದಲ್ಲ, ಇದನ್ನ ಒತ್ತಿ ಹೇಳ್ಬೇಕು. ಕೆಲವರು ಬಣ್ಣದ ಹೆಸರು ಅಂದ್ರೆ ಇಂಗ್ಲಿಷ್ ಫ್ಯಾಷನ್ ಅಂತಾರೆ. ಕೆಂಪಮ್ಮ, ಕೆಂಚಪ್ಪ, ಕರಿಯಮ್ಮ, ನೀಲಮ್ಮ ಇವೆಲ್ಲ ಏನು ಮತ್ತೆ? ಬೆಂಗಳೂರು ಕಟ್ಟಿದ ಕೆಂಪೇಗೌಡರ ಹೆಸರಲ್ಲೇ ಕೆಂಪಿದೆ. ಕೃಷ್ಣ ಅಂದ್ರೆ ಕಪ್ಪು, ಗೌರಿ ಅಂದ್ರೆ ಬೆಳ್ಳಗಿನವಳು, ಶ್ಯಾಮಲಾ, ಶ್ವೇತಾ, ನೀಲಾ. ಎಷ್ಟೊಂದು ಸಲ ಕರೆದಿದ್ದೀವಿ ಅಂದ್ರೆ ಅದರೊಳಗಿನ ಬಣ್ಣ ಕಾಣಿಸೋದೇ ನಿಂತೋಗಿದೆ, ಕೃಷ್ಣಾ ಅಂತ ಕೂಗಿದಾಗ ಯಾರಿಗೂ ಕಪ್ಪು ನೆನಪಾಗಲ್ಲ. ಪಾಟಲಾ ಬಳಸದೇ ಉಳಿದಿದ್ರಿಂದಲೇ ಅದರ ಬಣ್ಣ ಇನ್ನೂ ಹಸಿಯಾಗಿದೆ. ಕೇಳಿದವರೆಲ್ಲ "ಅಂದ್ರೇನು" ಅಂತಾರೆ, ಅಂದಾಗೆಲ್ಲ ಒಂದು ಚಿಗುರೆಲೆನ ಅವರ ಕಣ್ಮುಂದೆ ಹಿಡಿದ ಹಾಗಾಗುತ್ತೆ ನಂಗೆ. ನಾನು ಹಟ ಹಿಡಿದಿದ್ದು ಇದಕ್ಕೇ.

ಹಟ ಅಂದ್ನಲ್ಲ, ವಿರೋಧ ಬಂದಿದ್ದು ಅತ್ತೆಯಿಂದಾನೇ. ನಾನು ಹೇಳಿದಾಗ ಅವ್ರು ಸೊಪ್ಪು ಬಿಡಿಸ್ತಾ ಕೂತಿದ್ರು, ಕೈ ಹಾಗೇ ನಿಂತೋಯ್ತು. "ಪಾತಾಳ ಅಂದ ಹಾಗೆ ಕೇಳ್ಸುತ್ತಲ್ಲಮ್ಮ" ಅಂದ್ರು.

"ಅತ್ತೆ, ನೀವೇ ದಿನಾ ಹೇಳ್ತೀರಲ್ಲ."

"ಸ್ತೋತ್ರದಲ್ಲಿ ಹೇಳೋದು ಬೇರೆ, ಮಗೂನ ಊಟಕ್ಕೆ ಕರೆಯೋದು ಬೇರೆ. ಹೊಸಲಲ್ಲಿ ನಿಂತು ಸಂಜೆ ಹೊತ್ತು ಪಾಟಲಾ ಪಾಟಲಾ ಅಂತ ಕೂಗಿದ್ರೆ ಕೇಳಿದೋರು ಏನಂದ್ಕೋತಾರೆ? ಮಕ್ಕಳು ಆಡ್ಕೊಳ್ಳಲ್ವಾ?"

ನಂಗೆ ಸಿಟ್ಟು ಬಂತು ನಿಜ, ಆದ್ರೆ ರಾತ್ರಿ ಯೋಚನೆ ಮಾಡಿದಾಗ ಅವ್ರ ಮಾತು ಸುಳ್ಳಲ್ಲ ಅಂತ ಗೊತ್ತಾಯ್ತು. ಈ ಹೆಸರು ಬಳಕೆಗೆ ಬರದೇ ಇದ್ದಿದ್ದಕ್ಕೆ ಇದೇ ಕಾರಣ ಇರ್ಬೇಕು. ಕನ್ನಡದಲ್ಲಿ ಬರೆದ್ರೆ ಎರಡೂ ಪೂರ್ತಿ ಬೇರೆ, ಒಂದರಲ್ಲಿ ಟ, ಲ, ಇನ್ನೊಂದರಲ್ಲಿ ತಾ, ಳ. ಆದ್ರೆ ಇಂಗ್ಲಿಷ್ ಅಕ್ಷರಕ್ಕೆ ಹಾಕಿದ್ರೆ ಪಿ ಎ ಟಿ ಎ ಎಲ್ ಎ, ಎರಡೂ ಒಂದೇ. ಹಿಂದಿ ಮಾತಾಡೋರು ಓದಿದ್ರೆ ಪತ್ಲಾ ಅಂತಾರೆ, ತೆಳ್ಳಗೆ ಅಂತ ಅರ್ಥ. ನಾನು ಹೆಸರಿನ ಚೆಂದ ನೋಡಿದ್ದೆ, ಅವ್ರು ಅದನ್ನ ಬೀದೀಲಿ ನಿಲ್ಲಿಸಿ ನೋಡಿದ್ರು. ಬಣ್ಣದ ಹೆಸರು ಹುಡುಕ್ತಿರೋರು ಯಾರೇ ಆಗ್ಲಿ ಈ ಪರೀಕ್ಷೆ ಮಾಡ್ಲೇಬೇಕು, ಜೋರಾಗಿ ಕೂಗಿ ನೋಡಿ, ಸಿಟ್ಟಲ್ಲಿ ಕೂಗಿ ನೋಡಿ, ಬೇರೆ ಭಾಷೆಯೋರ ಬಾಯಲ್ಲಿ ಹೇಳಿಸಿ ನೋಡಿ, ಇಂಗ್ಲಿಷಲ್ಲಿ ಬರೆದು ಗೊತ್ತಿಲ್ಲದೋರ ಕೈಗೆ ಕೊಟ್ಟು ಓದಿಸಿ. ನಾವು ಹಾಗೆ ಮಾಡಿದ್ಮೇಲೇನೇ ಮೊದಲನೇ ಪಾ ಮುಂದೆ ಎರಡು ಎ ಹಾಕೋದು ಅಂತ ತೀರ್ಮಾನ ಆಗಿದ್ದು. ಪಾತಾಳದ ಗಂಟು ಅದರಿಂದ ಪೂರ್ತಿ ಬಿಡಲ್ಲ, ಪತ್ಲಾ ಅನ್ನೋದಾದ್ರೂ ತಪ್ಪುತ್ತೆ. ಕೊನೆ ಅಕ್ಷರಕ್ಕೆ ಒಂದೇ ಎ ಸಾಕು.

ಡೆಲಿವರಿ ರಾತ್ರಿ ಹತ್ತೂವರೆಗೆ ಆಯ್ತು, ಹೆಣ್ಣು. ಅದರ ಬಗ್ಗೆ ಇಲ್ಲಿ ಜಾಸ್ತಿ ಬರೆಯಲ್ಲ. ಎರಡನೇ ರಾತ್ರಿ ಮಾತ್ರ ಹೇಳ್ಬೇಕು. ಮಗು ಹಾಲು ಕುಡಿದು ಮಲಗಿತ್ತು, ಒಂದು ಕಾಲು ಬಟ್ಟೆಯಿಂದ ಆಚೆ ಬಂದಿತ್ತು. ನಾನು ಅಂಗಾಲಿನ ಮೇಲೆ ಹೆಬ್ಬೆರಳಿಟ್ಟು ಮೆಲ್ಲಗೆ ಒತ್ತಿದೆ. ಬೆರಳು ತೆಗೆದಾಗ ಆ ಜಾಗ ಬೆಳ್ಳಗಾಗಿತ್ತು, ನೋಡ್ತಾ ಇದ್ದ ಹಾಗೆ ಅಂಚಿಂದ ಒಳಕ್ಕೆ ಕೆಂಪು ತುಂಬ್ಕೊಂಡು ಬಂತು. ಇನ್ನೊಂದ್ಸಲ ಒತ್ತಿದೆ. ಮತ್ತೆ ಬಿಳುಪು, ಮತ್ತೆ ಕೆಂಪು. ಬಿಳುಪು ಕೆಂಪಾಗೋ ಆ ಒಂದು ಕ್ಷಣದ ಬಣ್ಣ ಇದೆಯಲ್ಲ, ಶ್ವೇತರಕ್ತಸ್ತು ಪಾಟಲಃ, ಅದು ಅಲ್ಲಿತ್ತು, ನನ್ನ ಬೆರಳ ಕೆಳಗೆ. ಪಕ್ಕದ ಬೆಡ್ಡಲ್ಲಿ ಕೂತಿದ್ದ ಅತ್ತೆನ ಕರೆದು ತೋರಿಸಿದೆ. ಅವ್ರೂ ಒಂದ್ಸಲ ಒತ್ತಿ ನೋಡಿದ್ರು, ಏನೂ ಮಾತಾಡ್ಲಿಲ್ಲ, ಕಾಲನ್ನ ಬಟ್ಟೆ ಒಳಗೆ ಸೇರಿಸಿ "ಥಂಡಿ ಆಗುತ್ತೆ" ಅಂದ್ರು. ಬೆಳಿಗ್ಗೆ ಇವ್ರ ಹತ್ರ "ಅವಳಿಷ್ಟದ ಹೆಸರೇ ಇಡ್ಲಿ ಬಿಡು" ಅಂದ್ರಂತೆ.

ನಮ್ಮಜ್ಜಿ ಒಪ್ಪಿದ್ದು ಬೇರೆ ಕಾರಣಕ್ಕೆ. ಅವ್ರ ಕಡೆ ಪಾಟ್ಲಿ ಅಂದ್ರೆ ಕೈಗೆ ಹಾಕೋ ಅಗಲವಾದ ಬಂಗಾರದ ಬಳೆ. "ಪಾಟ್ಲಿ, ಛಲೋ ಐತಿ" ಅಂತ ಫೋನಲ್ಲೇ ಹೇಳಿ, ಇವತ್ತಿಗೂ ಹಾಗೇ ಕರೀತಾರೆ. ನಾನು ತಿದ್ದಕ್ಕೆ ಹೋಗಿಲ್ಲ.

ಸರ್ಟಿಫಿಕೇಟ್ ವಿಷಯ ಗೊತ್ತಿರ್ಲಿ, ತುಂಬ ಜನ ಗಾಬರಿಯಲ್ಲಿ ಏನೋ ಒಂದು ಹೆಸರು ಬರೆಸಿಬಿಡ್ತಾರೆ. ಜನನ ನೋಂದಣಿ 21 ದಿನದೊಳಗೆ ಆಗ್ಬೇಕು ನಿಜ, ಆದ್ರೆ ಹೆಸರು ಆಗ್ಲೇ ಕೊಡ್ಬೇಕು ಅಂತಿಲ್ಲ. ಹೆಸರಿನ ಜಾಗ ಖಾಲಿ ಬಿಟ್ಟು ನೋಂದಣಿ ಮಾಡಿಸಿ, 12 ತಿಂಗಳೊಳಗೆ ಶುಲ್ಕ ಇಲ್ಲದೆ ಸೇರಿಸ್ಬಹುದು, ಅದಾದ್ಮೇಲೂ 15 ವರ್ಷದವರೆಗೆ ಲೇಟ್ ಫೀಸ್ ಕಟ್ಟಿ ಸೇರಿಸೋ ಅವಕಾಶ ಇದೆ. ನಾವು ಮೂರನೇ ತಿಂಗಳಲ್ಲಿ ಅರ್ಜಿ ಕೊಟ್ವಿ. ಕನ್ನಡದಲ್ಲಿ, ಇಂಗ್ಲಿಷಲ್ಲಿ ಎರಡರಲ್ಲೂ ದಪ್ಪ ಅಕ್ಷರದಲ್ಲಿ ಬರೆದುಕೊಟ್ಟಿದ್ವಿ. ಸರ್ಟಿಫಿಕೇಟ್ ಕೈಗೆ ಬಂತು, ನೋಡಿದ್ರೆ ಕುಮಾರಿ ಪಾಟೀಲ. ಕೌಂಟರಲ್ಲಿದ್ದೋರು ಕೆಟ್ಟೋರಲ್ಲ, ಅವ್ರ ಪ್ರಕಾರ ನಾವು ದೀರ್ಘ ಹಾಕೋದು ಮರೆತಿದ್ವಿ, ಅವ್ರು ಸರಿ ಮಾಡಿದ್ರು. ಪಾಟಲಾ ಅಂತ ಒಂದು ಹೆಸರಿರುತ್ತೆ ಅಂತಾನೇ ಅವ್ರಿಗೆ ಹೊಳೆದಿರಲಿಲ್ಲ. ಅದನ್ನ ತಿದ್ದಿಸೋಕೆ ಅಫಿಡವಿಟ್ಟು, ಅರ್ಜಿ, ಮೂರು ಸಲ ಓಡಾಟ, ಮಗೂನ ಎತ್ಕೊಂಡು ಆ ಬಿಸಿಲಲ್ಲಿ ಕ್ಯೂ ನಿಂತಿದ್ದು ನೆನೆಸ್ಕೊಂಡ್ರೆ ಈಗ್ಲೂ ಬೇಜಾರಾಗುತ್ತೆ. ಅಪರೂಪದ ಹೆಸರಿಟ್ಟೋರು ಪ್ರಿಂಟ್ ತೆಗೆಯೋಕೆ ಮುಂಚೆ ಸ್ಕ್ರೀನ್ ಮೇಲೇನೇ ಒಂದ್ಸಲ ತೋರಿಸಿ ಅಂತ ಕೇಳಿ, ನಾಚ್ಕೋಬೇಡಿ.

ಇದೆಲ್ಲಕ್ಕಿಂತ ನೋವು ಕೊಟ್ಟಿದ್ದು ಒಂದು ಮಾತು. ಮಗು ನೋಡೋಕೆ ಬಂದ ಸಂಬಂಧಿಕರೊಬ್ರು, ಹೆಸರಿನ ಅರ್ಥ ಕೇಳಿ, ತೊಟ್ಟಿಲೊಳಗೆ ಬಗ್ಗಿ ನೋಡಿ, "ಗುಲಾಬಿ ಬಣ್ಣ ಅಂತೀಯ, ಮಗು ಎಣ್ಣೆಗಪ್ಪು ಇದ್ಯಲ್ಲ, ಹೊಂದಲ್ವೇನೋ" ಅಂದ್ರು. ಆಗ ಬಾಯೇ ಬರ್ಲಿಲ್ಲ ನಂಗೆ. ಬಣ್ಣದ ಹೆಸರಿಡೋರು ಈ ಮಾತಿಗೆ ತಯಾರಾಗಿರ್ಬೇಕು, ನಮ್ಮ ಜನಕ್ಕೆ ಬಣ್ಣ ಅಂದ ಕೂಡಲೇ ಚರ್ಮಾನೇ ನೆನಪಾಗೋದು. ಬೆಳ್ಳಗಿರೋ ಎಷ್ಟು ಮಕ್ಕಳಿಗೆ ಕೃಷ್ಣ ಅಂತ ಇಟ್ಟಿಲ್ಲ, ಕಪ್ಪಗಿರೋ ಎಷ್ಟು ಗೌರಿಯರಿಲ್ಲ? ಮಹಾಭಾರತದ ವಿರಾಟಪರ್ವದಲ್ಲಿ ಉತ್ತರಕುಮಾರನಿಗೆ ತನ್ನ ಹತ್ತು ಹೆಸರು ಬಿಡಿಸಿ ಹೇಳುವಾಗ, ನಾನು ಶುಭ್ರವಾದ ಕೆಲಸ ಮಾಡ್ತೀನಿ ಅದಕ್ಕೂ ನನ್ನ ಅರ್ಜುನ ಅಂತಾರೆ ಅಂತಾನೆ ಅರ್ಜುನ. ಬಿಳುಪನ್ನ ಕೆಲಸಕ್ಕೂ ಕೊಟ್ಟ, ಬರೀ ಮೈಗಲ್ಲ. ನನ್ನ ಮಗಳು ಎಣ್ಣೆಗಪ್ಪೇ, ನನ್ನ ಹಾಗೆ, ನಮ್ಮಮ್ಮನ ಹಾಗೆ. ಹೆಸರು ಚಿಗುರಿನದ್ದು, ಸಂಜೆಯದ್ದು. ಅವಳ ಕೆನ್ನೆಗೆ ಬಳಿಯೋ ಬಣ್ಣ ಅಂತ ನಾವು ಅದನ್ನ ಇಟ್ಟಿಲ್ಲ. ಅವತ್ತು ಹೇಳೋಕಾಗದೇ ಇದ್ದಿದ್ದನ್ನ ಆಮೇಲೆ ಯಾರು ಕೇಳಿದ್ರೂ ಹೀಗೇ ನೇರವಾಗಿ ಹೇಳ್ತೀನಿ.

ಈಗ ಅವಳು ಮಾತಾಡ್ತಾಳೆ. ಟ ಇನ್ನೂ ಬರಲ್ಲ, ತ ಅಂತಾಳೆ, ತೋಪಿ, ತಮತೆ, ಚಿತ್ತೆ. ಹೆಸರೇನು ಪುಟ್ಟಿ ಅಂದ್ರೆ "ಪಾತಲಾ" ಅಂತ ಎದೆ ಮೇಲೆ ಕೈಯಿಟ್ಕೊಂಡು ಹೇಳ್ತಾಳೆ. ಹೋದ ವಾರ ಅತ್ತೆ ಬಂದಿದ್ರು. ಬೆಳಿಗ್ಗೆ ನಾನು ಎದ್ದು ಬರೋ ಹೊತ್ತಿಗೆ ದೇವರ ಮುಂದೆ ಇಬ್ರೂ ಕೂತಿದ್ರು, ಮಗು ಅಜ್ಜಿ ತೊಡೆ ಮೇಲೆ. ಸ್ತೋತ್ರ ಆ ಸಾಲಿನ ಹತ್ರ ಬಂದಾಗ ಅತ್ತೆ ನಿಲ್ಲಿಸಿದ್ರು.

"ಇಲ್ಲಿ ನಿನ್ ಹೆಸರು ಬರುತ್ತೆ ನೋಡು, ಹೇಳು."

"ಪಾತಲಾ."

"ತ ಅಲ್ಲ ಬಂಗಾರಿ, ಟ. ನಾಲಿಗೆ ಮೇಲಕ್ಕೆ ಮಡಚ್ಬೇಕು, ಹಿಂಗೆ ನೋಡು ನನ್ ಬಾಯಿ, ಟ, ಟ."

ಇನ್ನೊಂದ್ಸಲ ಪಾತಲಾನೇ ಅಂದ್ಲು. ಅತ್ತೆ ಮತ್ತೆ ಬಾಯಿ ತೆರೆದು ನಾಲಿಗೆ ಮೇಲಕ್ಕೆ ಮಡಚಿ ತೋರಿಸಿದ್ರು, ದೀಪದ ಎಣ್ಣೆ ಮುಗೀತಾ ಬಂದಿದ್ರೂ ಗಮನ ಇರಲಿಲ್ಲ ಅವ್ರಿಗೆ, ನಾನೇ ಹೋಗಿ ಹಾಕಿ ಬಂದೆ.